ಮಂಗಲಬಾಯಿಯ ಕೆರೆದಂಡೆ ಊಟ

ಮಂಗಲಬಾಯಿಗೆ ದೊಡ್ಡ ದೊಡ್ಡ ಆಸೆಗಳೇನೂ ಇರಲಿಲ್ಲ. ಶಿಖರ್ಜಿ ಯಾತ್ರೆ ಆಗಿತ್ತು, ಬೆಳಗೊಳದ ಬೆಟ್ಟ ಹತ್ತಿ ಇಳಿದದ್ದಾಗಿತ್ತು, ಮಗನ ಮದುವೆ ಮುಗಿದಿತ್ತು, ಕೊರಳಿಗೆ ಬೇಕಾದಷ್ಟು ಬಂಗಾರವೂ ಇತ್ತು. ಆಕೆಗೆ ಬೇಕಾಗಿದ್ದದ್ದು ಒಂದೇ. ಯಾವುದಾದರೂ ಒಂದು ದಿನ, ಹೊತ್ತು ಮುಳುಗುವುದರೊಳಗೆ, ತಾನು ಮಾಡಿರದ ಬಿಸಿ ಊಟವನ್ನು ಯಾರಾದರೂ ತಂದು ತನ್ನ ಮುಂದಿಡಬೇಕು; ಉಂಡು ಮುಗಿಸುವತನಕ ತಾನು ಕೂತಲ್ಲಿಂದ ಏಳಬಾರದು. ಅಷ್ಟೇ. ಇಷ್ಟು ಸಣ್ಣ ಆಸೆ ಇಟ್ಟುಕೊಂಡವರನ್ನು ಲೋಕ ಹೇಗೆ ಸತಾಯಿಸುತ್ತದೆ ಎಂಬುದನ್ನು ನೋಡಬೇಕಾದರೆ ಸಾಂಗಲಿ ಮಿರಜಗಳ ನಡುವಿನ ಸರೋವರ ವಿಹಾರ ಕಾಲನಿಗೆ ಬರಬೇಕು.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಕಟ್ಟಾ ನೇಮದವರಿಗೆ ನೀರೂ ಇಲ್ಲ. ಈ ನೇಮದಿಂದ ಆತ್ಮಕ್ಕೆ ಏನು ಲಾಭ ಎಂಬುದನ್ನು ತಿಳಿದವರು ವಿಸ್ತಾರವಾಗಿ ಹೇಳಿದ್ದಾರೆ. ಮನೆಯ ಹೆಂಗಸಿನ ಸಂಜೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿದ ಹಾಗಿಲ್ಲ. ಮ್ಹೈಸಾಳದ ತವರಿನಿಂದ ಕಸಬೆ ಡಿಗ್ರಜದ ಗಂಡನ ಮನೆಗೆ ಬಂದಂದಿನಿಂದ ಮಂಗಲಬಾಯಿಗೆ ಸಂಜೆ ಎಂದರೆ ಒಲೆ. ಊರೆಲ್ಲ ಮಧ್ಯಾಹ್ನದ ನಿದ್ದೆ ಮುಗಿಸಿ ಚಹಾ ಕುಡಿಯುವ ಹೊತ್ತಿಗೆ ಆಕೆ ಹಿಟ್ಟು ನಾದುತ್ತಿದ್ದಳು. ಗಂಡ ಭೂಪಾಲ ಮೊದಲು ಕೂರಬೇಕು, ರೊಟ್ಟಿ ಹಂಚಿನಿಂದ ನೇರ ಅವನ ತಾಟಿಗೆ ಬೀಳಬೇಕು, ಅವನು ಉಂಡು ಕೈ ತೊಳೆದ ಮೇಲೆ ಆಕೆಯ ಪಾಳಿ. ಅಷ್ಟೊತ್ತಿಗೆ ರೊಟ್ಟಿ ಆರಿರುತ್ತಿತ್ತು, ಸೂರ್ಯ ಕಿಟಕಿಯ ಕೆಳಗಿನ ಸರಳಿಗೆ ಬಂದಿರುತ್ತಿದ್ದ. ಒಂದು ಕಣ್ಣು ತಾಟಿನ ಮೇಲೆ, ಇನ್ನೊಂದು ಕಿಟಕಿಯ ಮೇಲೆ ಇಟ್ಟು ಗಬಗಬನೆ ನುಂಗುವುದಕ್ಕೆ ಆ ಮನೆಯಲ್ಲಿ ಊಟ ಎನ್ನುತ್ತಿದ್ದರು.

ಭೂಪಾಲ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ. ಸಾಂಗಲಿಯ ಪೇಟೆಯಲ್ಲಿ ಅರಿಶಿನದ ಅಡತಿ, ಅಂದರೆ ದಲಾಲಿ, ಅಂಗಡಿ ನಡೆಸಿದವನು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟೆ, ಗಜ್ಜರಿ ಯಾವುದನ್ನೂ ಮುಟ್ಟದ ಮನುಷ್ಯ ನೆಲದೊಳಗೇ ಬೆಳೆಯುವ ಅರಿಶಿನ ಮಾರಿ ದೊಡ್ಡವನಾದ. ಒಣಗಿದ ಮೇಲೆ ಅದಕ್ಕೆ ದೋಷವಿಲ್ಲವಂತೆ, ಲಾಭ ಮಾತ್ರ ಇದೆ. ಈಗ ಅಂಗಡಿಯನ್ನು ಮಗ ಅನೇಕಾಂತನಿಗೆ ವಹಿಸಿ ಪೂರ್ತಿ ಧರ್ಮಕಾರ್ಯಕ್ಕೆ ಇಳಿದಿದ್ದ. ಧರ್ಮಕಾರ್ಯ ಎಂದರೆ ಮೈಕು. ಬಸ್ತಿಯಲ್ಲಿ ದೇವರ ಮುಂದೆ ಯಾರಾದರೂ ಉಪವಾಸ ಹಿಡಿದರೆ, ವ್ರತ ತೊಟ್ಟರೆ, ಅವರು ಮೆಲ್ಲಗೆ ಒಂದೊಂದೇ ಮಾತು ಹೇಳಬೇಕು, ಭೂಪಾಲ ಅದನ್ನು ಒಂದೊಂದೇ ತುಂಡಾಗಿ ಮೈಕಿನಲ್ಲಿ ಸಾರಬೇಕು. ಅದು ಅವನ ಹಕ್ಕು. ಅವನು ತಾನೇ ಹಿಡಿದ ಉಪವಾಸಗಳು ಬೆರಳೆಣಿಕೆಯಷ್ಟು, ಸಾರಿದವುಗಳಿಗೆ ಲೆಕ್ಕವಿಲ್ಲ.

ಸರೋವರ ವಿಹಾರದಲ್ಲಿ ಫ್ಲ್ಯಾಟು ತೆಗೆದುಕೊಳ್ಳುವಾಗ ಅವನು ಹೆಂಡತಿಗೆ ಬಿಲ್ಡರನ ಬಣ್ಣದ ಹಾಳೆ ತೋರಿಸಿದ್ದ. "ಡಿಗ್ರಜದಾಗ ನೀ ಭಾಳ ದಣದಿ, ಮಂಗಲ. ಇಲ್ಲಿ ನೋಡ, ಕೆರಿ ದಂಡಿ ಮ್ಯಾಲ ಹೋಟೆಲ್ ಅದಾವ, ಬಗೀಚಾ ಐತಿ. ಇನ್ನ ಮ್ಯಾಲ ಸಂಜೀಕ ನೀ ಒಲಿ ಹಚ್ಚೂ ಕಾರಣನ ಇಲ್ಲ" ಎಂದಿದ್ದ. ಹಾಳೆಯಲ್ಲಿ ಒಬ್ಬ ಟೊಪ್ಪಿಗೆಯ ಹೆಂಗಸು ನೀಲಿ ನೀರಿನ ಪಕ್ಕ ಕೂತು ಏನನ್ನೋ ತಿನ್ನುತ್ತ ನಗುತ್ತಿದ್ದಳು. ಹಿಂದೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ಮಂಗಲಬಾಯಿ ಬೇರೇನೂ ನೋಡಲಿಲ್ಲ, ಅದನ್ನು ಮಾತ್ರ ಕನ್ನಡಕ ಹಾಕಿಕೊಂಡು ಖಾತ್ರಿ ಮಾಡಿಕೊಂಡಳು.

ಸರೋವರದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಅದು ಇಟ್ಟಿಗೆ ಭಟ್ಟಿಯವರು ಮಣ್ಣು ತೆಗೆದು ಬಿಟ್ಟುಹೋದ ಹೊಂಡ. ಕೃಷ್ಣೆಗೆ ಮಹಾಪೂರ ಬಂದ ವರ್ಷ ಅದರಲ್ಲಿ ನೀರು ನಿಂತಿತು, ಹೋಗಲಿಲ್ಲ. ಉಳಿದವರು ಅಲ್ಲಿ ಸೊಳ್ಳೆ ನೋಡಿದರು, ಬಿಲ್ಡರ ಸರೋವರ ನೋಡಿದ. ಈಗ ಅದರ ಸುತ್ತ ಕಬ್ಬಿಣದ ಕಟಾಂಜನ, ನಾಲ್ಕು ದೀಪದ ಕಂಬ, 'ಈಜಬಾರದು' ಎಂಬ ಫಲಕ. ಫಲಕ ಓದಲು ಬಾರದ ಎಮ್ಮೆಗಳು ದಿನಾ ಮಧ್ಯಾಹ್ನ ಈಜುತ್ತವೆ.

ಇನ್ನು ಅಲ್ಲಿ ವಾಸವಾಗಿರುವವರ ಊಟದ ಸೌಕರ್ಯ. ಅದಕ್ಕೇನು ಕೊರತೆ? ಗೇಟಿನ ಹೊರಗೆ ಮಿಸಳ ಗಾಡಿ ಇದೆ, ಬೆಳಗ್ಗೆ ಹತ್ತಕ್ಕೆಲ್ಲ ಪಾತ್ರೆ ತೊಳೆದುಕೊಂಡು ಹೋಗುತ್ತದೆ. ಅದರ ಪಕ್ಕ ಭಡಂಗದ ಅಂಗಡಿ. ಖಾರ ಹಚ್ಚಿದ ಚುರುಮುರಿ ತಿಂದು ರಾತ್ರಿ ಕಳೆಯುವ ಶಕ್ತಿ ಇದ್ದವರಿಗೆ ಅದೂ ಊಟವೇ. ಆಚೆ ದಂಡೆಯಲ್ಲಿ ಮಟನ್ ಧಾಬಾ ಇದೆ. ಪಡುವಣ ಗಾಳಿ ಬೀಸಿದ ದಿನ ಅದರ ತಾಂಬಡಾ ರಸ್ಸಾದ, ಆ ಕೆಂಪು ಮಟನ್ ಸಾರಿನ, ವಾಸನೆ ನೀರು ದಾಟಿ ಬಂದು ಜೈನರ ಹಾಲಿನಲ್ಲೇ ಕೂರುತ್ತದೆ. ಇಡೀ ಕಾಲನಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಮನೆಬಾಗಿಲಿಗೆ ಬರುವುದು ಅದೊಂದೇ. ಮೊಬೈಲಿನಲ್ಲಿ ತರಿಸುವವರೂ ಉಂಟು. ಸೊಸೆ ಪ್ರಣಾಲಿ ವಿಶ್ರಾಮಬಾಗದ ಕಾಲೇಜಿನಲ್ಲಿ ಕಲಿಸುತ್ತಾಳೆ, ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಾರೆ. ಅವಳೂ ಅನೇಕಾಂತನೂ ರಾತ್ರಿ ಒಂಬತ್ತಕ್ಕೆ ಮೊಬೈಲು ಒತ್ತಿ ಏನಾದರೂ ತರಿಸಿ ಉಣ್ಣುತ್ತಾರೆ. ಧರ್ಮವನ್ನು ಅವರು ಹಿರಿಯರಿಗೆ ಗೌರವದಿಂದ ಬಿಟ್ಟುಕೊಟ್ಟಿದ್ದಾರೆ.

ಎಲ್ಲಕ್ಕಿಂತ ದೊಡ್ಡದು ಕಾಲನಿಯದೇ ಹೋಟೆಲು. ಕ್ಲಬ್‌ಹೌಸಿನ ಹಿಂದೆ, ನೀರಿಗೆ ಚಾಚಿದ ಹಲಗೆಯ ಕಟ್ಟೆ, ಮೇಲೆ ಬಿಳಿ ಕುರ್ಚಿ. ಹೆಸರು 'ಸನ್‌ಸೆಟ್ ಡೆಕ್'. ಶುದ್ಧ ಶಾಕಾಹಾರಿ. ಬಂದ ವಾರವೇ ಮಂಗಲಬಾಯಿ ಹೊಸ ಇಳಕಲ್ ಸೀರೆ ಉಟ್ಟು ಗಂಡನನ್ನು ಕರೆದುಕೊಂಡು ಐದು ಗಂಟೆಗೆ ಅಲ್ಲಿಗೆ ಹೋದಳು. ಬಾಗಿಲಿಗೆ ಬೀಗ. ಸೂರ್ಯಾಸ್ತದ ಹೆಸರಿಟ್ಟುಕೊಂಡ ಆ ಹೋಟೆಲು ತೆರೆಯುವುದು ರಾತ್ರಿ ಏಳೂವರೆಗೆ. ಇಬ್ಬರೂ ಮನೆಗೆ ಬಂದರು. ಭೂಪಾಲ ಟೀವಿ ಹಚ್ಚಿದ, ಮಂಗಲಬಾಯಿ ಸೀರೆ ಸಹ ಬದಲಿಸದೆ ಒಲೆ ಹಚ್ಚಿದಳು.

ಎದುರು ಮನೆಯ ಸುನಂದಾಬಾಯಿ ಲಿಂಗಾಯತರು. ಮಿರಜದಲ್ಲಿ ಕಿರಾಣಿ ವ್ಯಾಪಾರದ ಮನೆತನ, ಮಾತು ತಕ್ಕಡಿಯಲ್ಲಿ ತೂಗಿದ ಹಾಗೆ. ಅವರಿಗೆ ಹೊತ್ತಿನ ಕಟ್ಟುಪಾಡಿಲ್ಲ. ಮಂಗಲಬಾಯಿ ಸೆರಗು ಸಿಕ್ಕಿಸಿಕೊಂಡೇ ಬಾಗಿಲಿಗೆ ಬಂದಾಗಲೆಲ್ಲ ಅವರು ಕೇಳುತ್ತಿದ್ದರು.

"ಏನ್ರಿ ಮಂಗಲಬಾಯಿ, ಒಲಿ ಹಚ್ಚೂ ಕಾರಣ ಇಲ್ಲ ಅಂದಿದ್ರಲ್ರಿ ನಿಮ್ಮ ಯಜಮಾನ್ರು?"

"ಕಾರಣ ಇಲ್ಲರಿ. ಹಂಗs ರೂಢಿಗೆ ಹಚ್ಚಾಕತ್ತೇನಿ" ಎನ್ನುತ್ತಿದ್ದಳು ಮಂಗಲಬಾಯಿ.

ಆದರೆ ಮಾತು ಮನಸ್ಸಿಗೆ ನೆಟ್ಟಿತು. ಆಕೆ ಗಂಡನ ಬೆನ್ನು ಬಿಡಲಿಲ್ಲ. ರೊಟ್ಟಿ ಹಾಕುವಾಗ ಕೇಳಿದಳು, ನೀರು ಕೊಡುವಾಗ ಕೇಳಿದಳು. ಹೋಟೆಲ್ ಅದಾವ ಅಂದಿದ್ರಿ, ಯಾವಾಗ? ಕೊನೆಗೆ ಭೂಪಾಲನಿಗೆ ಇದು ಹೆಂಡತಿಯ ಕಿರಿಕಿರಿಯಲ್ಲ, ಸಮಾಜಕ್ಕೆ ಆಗುತ್ತಿರುವ ಅನ್ಯಾಯ ಎಂದು ಹೊಳೆಯಿತು. ಹಾಗೆ ಹೊಳೆದರೆ ಮಾತ್ರ ಅವನು ಏಳುವ ಪೈಕಿ. ಕಾಲನಿಯ ಸಭೆಯಲ್ಲಿ ಎದ್ದು ನಿಂತ. ಅಲ್ಲಿ ಸಭೆ ಮರಾಠಿಯಲ್ಲಿ ನಡೆಯುತ್ತದೆ, ಜಗಳ ಕನ್ನಡದಲ್ಲಿ; ಭೂಪಾಲ ನೇರ ಕನ್ನಡದಿಂದಲೇ ಸುರು ಮಾಡಿದ.

"ಈ ಕಾಲನ್ಯಾಗ ನಾವು ಜೈನ ಮಂದಿ ಎಷ್ಟ ಮನಿ ಅದೇವಿ? ನಾವೂ ಮೆಂಟೇನನ್ಸ್ ಕೊಡತೇವೋ ಇಲ್ಲೋ? ನಮ್ಮ ಹೆಣ್ಣಮಕ್ಕಳು ಏನ ಪಾಪ ಮಾಡ್ಯಾರ?"

ಹೆಣ್ಣುಮಕ್ಕಳ ಸಾಲಿನಿಂದ ಚಪ್ಪಾಳೆ ಬಂತು. ಭೂಪಾಲನಿಗೆ ಚಪ್ಪಾಳೆ ಬಂದರೆ ಮಾತು ನಿಲ್ಲುವುದಿಲ್ಲ, ಹಾಗಾಗಿ ಸಭೆ ಬೇಗ ಒಪ್ಪಿತು. ಹೋಟೆಲಿನ ಮ್ಯಾನೇಜರ ಪ್ರತಾಪ, ಒಳ್ಳೆ ಹುಡುಗ, ಒಂದು ರವಿವಾರ ಐದು ಗಂಟೆಗೇ ಹೋಟೆಲು ತೆರೆಯುವುದಾಗಿ ಹೇಳಿದ. ಮಂದಿ ಬಂದರೆ ಪ್ರತಿ ರವಿವಾರ, ಬರದಿದ್ದರೆ ಅಲ್ಲಿಗೆ ಮುಗಿಯಿತು. ಮಂಗಲಬಾಯಿ ಆ ವಾರವೆಲ್ಲ ಹಗುರಾಗಿ ಓಡಾಡಿದಳು. ಕಟ್ಟೆಯ ತುದಿಗೆ, ಕಟಾಂಜನದ ಹತ್ತಿರದ ಕುರ್ಚಿಯನ್ನು ಮೊದಲೇ ಹೋಗಿ ನೋಡಿ ಬಂದಳು. ಪ್ರತಾಪನಿಗೆ ಹೇಳಿ ಅದರ ಮೇಲೆ ತನ್ನ ಕೈವಸ್ತ್ರ ಹಾಸಿ ಹಿಡಿದಿಟ್ಟಳು. ಬಸ್ಸಿನಲ್ಲಿ ಸೀಟು ಹಿಡಿಯುವಂತೆ.

ರವಿವಾರ ಬಂತು. ಚಾತುರ್ಮಾಸದ ಕಾಲ, ಮಳೆ ಹಿಂಜರಿದಿತ್ತು, ಆಕಾಶ ತೊಳೆದ ತಾಟಿನ ಹಾಗಿತ್ತು. ಜೈನರ ಮನೆಗಳೆಲ್ಲ ಇಳಿದು ಬಂದವು. ಕೋಲು ಊರಿದ ಅಜ್ಜಂದಿರು, ಮೊಮ್ಮಕ್ಕಳನ್ನು ಎಳೆದುಕೊಂಡ ಅಜ್ಜಿಯರು, ಕಟ್ಟೆ ತುಂಬಿತು. ನೋಡಲು ಸುನಂದಾಬಾಯಿಯೂ ಬಂದರು. ಮಂಗಲಬಾಯಿ ಕಟಾಂಜನದ ಕುರ್ಚಿಯಲ್ಲಿ ಕೂತಳು. ಸೂರ್ಯ ಇನ್ನೂ ಎರಡು ಮಾರು ಮೇಲಿದ್ದ. ಕೈಗಳನ್ನು ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಅವು ಖಾಲಿ ಇದ್ದ ರೂಢಿಯೇ ಇರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ನಕ್ಕಳು.

ಅಷ್ಟರಲ್ಲಿ ಪ್ರತಾಪ ಭಾರಿ ಹುರುಪಿನಿಂದ ಬಂದು ಹಿರಿಯರ ಮುಂದೆ ಬಗ್ಗಿ ಹೇಳಿದ: ಚಿಂತೆ ಮಾಡಬ್ಯಾಡ್ರಿ, ಎಲ್ಲಾ ಜೈನ್ ಐತಿ, ಮುಂಜಾನೆ ಮಾಡಿದ ಮಸಾಲಿ ಒಳಗಿಂದ ಉಳ್ಳಾಗಡ್ಡಿ ಬಳ್ಳೊಳ್ಳಿ ಜರಡಿ ಹಿಡಿದು ತೆಗೆಸೇನಿ.

ಒಬ್ಬ ಅಜ್ಜಿ ಎದ್ದು ಚಪ್ಪಲಿ ಹುಡುಕತೊಡಗಿದಳು. ಪ್ರತಾಪ ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ, ಜರಡಿ ಬಹಳ ಸಣ್ಣ ಕಣ್ಣಿನದು ಎಂದು ಬೇರೆ ಸೇರಿಸಿದ. ಭೂಪಾಲನ ಮುಖ ಕಪ್ಪಾಯಿತು. ಅವನು ಸಭೆಯಲ್ಲಿ ಗುದ್ದಾಡಿ ತಂದ ಊಟ, ಅವನ ಹೆಸರು, ಅವನ ಮರ್ಯಾದೆ. ಸುತ್ತ ನೋಡಿದ. ಕಷ್ಟ ಬಂದಾಗ ಅವನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

"ಮಂಗಲ, ನೀ ಒಂದ ಐದು ಮಿನಿಟು ಒಳಗ ಹೋಗಿ ಅವರಿಗೆ ಹೆಂಗ ಮಾಡೂದು ಹೇಳಿ ಬಾ. ಬರೇ ಹೇಳೂದು."

"ನಾ ಇಲ್ಲಿ ಕುಂತೇನ್ರಿ" ಎಂದಳು ಮಂಗಲಬಾಯಿ.

"ಕುಂದ್ರಾಕ ಇಡೀ ಸಂಜಿ ಐತಿ. ಮಂದಿ ಹಸಿದಾರ, ಹೊತ್ತ ನೋಡ."

ಹೊತ್ತನ್ನು ಆಕೆ ನೋಡಿದಳು. ಅದೇ ತಪ್ಪಾಯಿತು. ಸೂರ್ಯ ಮುಳುಗಿದರೆ ಅಲ್ಲಿರುವ ಇಷ್ಟು ಜನರ ಹೊಟ್ಟೆ ಮರುದಿನ ಬೆಳಗಿನತನಕ ಖಾಲಿ. ಆ ಅಜ್ಜಿಯಂತೂ ಸಕ್ಕರೆ ಕಾಯಿಲೆಯವಳು. ಬರೀ ಹೇಳಿ ಬರೋಣ ಎಂದುಕೊಂಡು ಎದ್ದಳು. ಒಳಗೆ ನೋಡಿದರೆ ಎಲ್ಲ ಪಾತ್ರೆಗಳಿಗೂ ಉಳ್ಳಾಗಡ್ಡಿಯ ವಾಸನೆ, ನೀರು ಸೋಸುವ ಬಟ್ಟೆ ಇಲ್ಲ, ಅಡುಗೆಯವನು ಬೇಳೆಗೆ ಬಟಾಟೆ ಹೆಚ್ಚುತ್ತಿದ್ದಾನೆ. ಹೇಳುವುದು ಯಾರಿಗೆ? ಹೊಸ ಪಾತ್ರೆ ತೊಳೆಸಿದಳು, ಸೆರಗಿನ ತುದಿಯಲ್ಲಿ ನೀರು ಸೋಸಿದಳು, ತೊಂಡೆಕಾಯಿ ತರಿಸಿದಳು. ಐದು ಮಿನಿಟು ಮುಗಿಯುವ ಹೊತ್ತಿಗೆ ಸೆರಗು ಸೊಂಟಕ್ಕೆ ಏರಿತ್ತು. ವರಣ, ಅನ್ನ, ಪಲ್ಯ, ಪುರಿ, ಶಿರಾ. ನಾಲ್ಕು ಒಲೆ, ಎರಡು ಕೈ. ಅಡುಗೆಯವನು ಗೋಡೆಗೆ ಒರಗಿ ಆಕೆಯನ್ನು ಮೆಚ್ಚುಗೆಯಿಂದ ನೋಡಿದ, ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಹೊರಗೆ ಭೂಪಾಲನಿಗೆ ಹೋಟೆಲಿನ ಮೈಕು ಸಿಕ್ಕಿತ್ತು. ತಟ್ಟೆ ಹೊರಗೆ ಹೋಗುವ ಕಿಂಡಿಯಿಂದ ಅವನ ದನಿ ಕೇಳುತ್ತಿತ್ತು. "ಹಾಕಿಸಿಕೋರಿ, ನಾಚಬ್ಯಾಡ್ರಿ, ಶಿರಾ ಇನ್ನೂ ಐತಿ. ಅಣ್ಣಾರಿಗೆ ಇನ್ನೆರಡು ಪುರಿ!" ಮಂದಿ ಉಣ್ಣುತ್ತಿದ್ದರು, ನಗುತ್ತಿದ್ದರು. ಪುರಿ ಬುಟ್ಟಿ ಖಾಲಿಯಾಗಿ ಒಳಗೆ ಬರುತ್ತಿತ್ತು, ತುಂಬಿ ಹೊರಗೆ ಹೋಗುತ್ತಿತ್ತು. ಆಕೆ ಯಾವುದನ್ನೂ ರುಚಿ ನೋಡಲಿಲ್ಲ. ಹಿರಿಯರು ಉಣ್ಣುವ ಮೊದಲು ನಾಲಿಗೆಗೆ ಹಚ್ಚುವ ಪದ್ಧತಿ ಆಕೆಯದಲ್ಲ. ಕೊನೆಯ ಪುರಿ ಕರಿದು, ತನಗೊಂದು ತಾಟಿನಲ್ಲಿ ಎಲ್ಲವನ್ನೂ ಚೂರುಚೂರು ಬಡಿಸಿಕೊಂಡು, ಬೆವರು ಒರೆಸಿಕೊಂಡು ಆಕೆ ಹೊರಗೆ ಬಂದಳು.

ಪ್ರತಾಪ ಬಣ್ಣದ ದೀಪ ಹಚ್ಚಿದ್ದ. ಆಚೆ ದಂಡೆಯ ಮರಗಳ ಮೇಲೆ ಕೆಂಪು ಮಾತ್ರ ಉಳಿದಿತ್ತು, ಸೂರ್ಯ ಇರಲಿಲ್ಲ.

ಮಂಗಲಬಾಯಿ ತಾಟು ಹಿಡಿದು ನಿಂತೇ ಇದ್ದಳು. ಕಟಾಂಜನದ ಕುರ್ಚಿಯ ಮೇಲೆ ಯಾರೋ ಕೈ ಒರೆಸಿದ ಕಾಗದಗಳು ಬಿದ್ದಿದ್ದವು. ಭೂಪಾಲ ಹಲ್ಲುಕಡ್ಡಿ ಆಡಿಸುತ್ತ ಬಂದ.

"ಭಾಳ ಛಲೋ ಆತು. ಎಲ್ಲಾರೂ ಹೊಗಳಾಕತ್ತಾರ. ಅಯ್ಯ, ನೀ ಇನ್ನೂ ಉಂಡಿಲ್ಲೇನ? ಒಳಗs ಉಂಡಿರ್ತಿ ಅನ್ಕೊಂಡಿದ್ದೆ."

ಉತ್ತರಕ್ಕೆ ಅವನು ಕಾಯಲಿಲ್ಲ. ಮೈಕು ಅವನನ್ನು ಕರೆಯುತ್ತಿತ್ತು. ಮುಂದಿನದು ಆಕೆಗೆ ಕಟ್ಟೆಯ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಕೇಳಿಸಿತು: ಪ್ರತಿ ರವಿವಾರ ಇದೇ ಹೊತ್ತಿಗೆ ಇಲ್ಲಿ ಊಟ, ಅಡುಗೆಯ ಉಸ್ತುವಾರಿ ನಮ್ಮ ಮನೆಯಾಕೆ ಮಂಗಲಬಾಯಿಯದು, ಸಮಾಜದ ಸೇವೆ ಎಂದು ಆಕೆ ಸಂತೋಷದಿಂದ ಒಪ್ಪಿದ್ದಾಳೆ. ಆಕೆ ಒಪ್ಪಿದ್ದು ಆಕೆಗೇ ಆಗ ತಿಳಿಯಿತು. ಚಪ್ಪಾಳೆ ಬಿತ್ತು. ಪ್ರಣಾಲಿ ಆಗಷ್ಟೇ ಗಂಡನ ಜೊತೆ ಬಂದವಳು ಅತ್ತೆಯ ಫೋಟೋ ತೆಗೆದಳು. "ಮಮ್ಮಿ, ತುಮ್ಹೀ ತರ್ ಫೇಮಸ್ ಝಾಲಾತ!" ಎಂದು ಅತ್ತೆ ಫೇಮಸ್ ಆದದ್ದನ್ನು ಮರಾಠಿಯಲ್ಲಿ ಸಾರಿದಳು. ಆಮೇಲೆ ಇಬ್ಬರೂ ಅಲ್ಲೇ ಕೂತು, ರಾತ್ರಿಯ ಮೆನುವಿನಿಂದ ನೂಡಲ್ಸ್ ತರಿಸಿದರು. ಮಂಗಲಬಾಯಿ ಅವರ ಎದುರಿಗೆ ಕೂತು ನೋಡಿದಳು.

ಸುನಂದಾಬಾಯಿ ಒಬ್ಬರೇ ಹತ್ತಿರ ಬಂದು ಕೇಳಿದರು. "ಉಂಡ್ರಿ?"

"ಇಲ್ಲರಿ."

"ಮತ್ತ ಸುಮ್ಮನ ಬಾಯಿ ಮುಚಗೊಂಡ ಕುಂತೀರಲ್ರಿ!"

"ಹೊತ್ತ ಮುಳಗೇತಿ. ಈಗ ಬಾಯಿ ತಗದರೂ ಏನ ಸಿಗತೈತ್ರಿ?" ಎಂದಳು ಮಂಗಲಬಾಯಿ. ಆಕೆಗೆ ಅಳು ಬಂದಿರಲಿಲ್ಲ. ಸಿಟ್ಟು ಬಂದಿತ್ತು, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬರದಷ್ಟು ಸಿಟ್ಟು. ಇದ್ದ ಆರು ದಿನದ ಒಲೆ ಸಾಲದೆಂದು ರವಿವಾರದ ಒಲೆಯನ್ನು ಊರಿಗೆಲ್ಲ ದಾನ ಮಾಡಿ ಬಂದಿದ್ದ ಗಂಡ. ಅದನ್ನೂ ಮೈಕಿನಲ್ಲಿ.

ಜಗಳವಾಡುವುದು ಆಕೆಗೆ ಬರುತ್ತಿರಲಿಲ್ಲ. ಆಡಿದರೂ ಭೂಪಾಲ ಸೋಲುವವನಲ್ಲ, ನಾಲ್ಕು ಜನ ಏನಂದಾರು ಎಂಬುದು ಅವನ ಕೊನೆಯ ಮಾತು. ಹಾಗಾದರೆ ಆ ನಾಲ್ಕು ಜನರ ಮುಂದೆಯೇ ಆಗಲಿ ಎಂದು ಆಕೆಗೆ ಹೊಳೆಯಿತು.

ಮರುದಿನ ಬೆಳಗ್ಗೆ ಬಸ್ತಿಯಲ್ಲಿ ಪ್ರವಚನವಿತ್ತು. ಆ ವರ್ಷದ ಚಾತುರ್ಮಾಸಕ್ಕೆ ಒಬ್ಬ ಮಾತಾಜಿ, ಜೈನ ಸನ್ಯಾಸಿನಿ, ಅಲ್ಲಿ ನೆಲೆಸಿದ್ದರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಮಾತು ಕಡಿಮೆ. ಪ್ರವಚನ ದೇಶವ್ರತದ ಮೇಲೆ. ಇಷ್ಟು ಕಾಲ ಈ ಗೆರೆ ದಾಟುವುದಿಲ್ಲ ಎಂದು ತನಗೆ ತಾನೇ ಗಡಿ ಹಾಕಿಕೊಳ್ಳುವ ವ್ರತ ಅದು. ಪ್ರವಚನ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದರು. ಒಬ್ಬರು ಚಾತುರ್ಮಾಸ ಮುಗಿಯುವವರೆಗೆ ಜಿಲ್ಲೆ ದಾಟುವುದಿಲ್ಲ ಎಂದರು. ಇನ್ನೊಬ್ಬರು ಸಮುದ್ರ ದಾಟುವುದಿಲ್ಲ ಎಂದರು; ಅವರನ್ನು ಆಚೆಗೆ ಯಾರೂ ಕರೆದಿರಲಿಲ್ಲ. ಭೂಪಾಲ ಎಲ್ಲವನ್ನೂ ಭಕ್ತಿಯಿಂದ ಸಾರಿದ. ಆಮೇಲೆ ಹೆಂಗಸರ ಸಾಲಿನಿಂದ ಮಂಗಲಬಾಯಿ ಎದ್ದು ಕೈ ಮುಗಿದಳು. ಭೂಪಾಲನ ಎದೆ ಹಿಗ್ಗಿತು. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ.

"ಚಾತುರ್ಮಾಸ ಮುಗಿಯೂತನಕ" ಎಂದಳು ಮಂಗಲಬಾಯಿ ಮೆಲ್ಲಗೆ.

"ಚಾತುರ್ಮಾಸ ಮುಗಿಯೂತನಕ!" ಎಂದಿತು ಮೈಕು.

"ದಿನಾ ಮಧ್ಯಾಹ್ನ ಮೂರು ಹೊಡದ ಮ್ಯಾಲ."

"ದಿನಾ ಮಧ್ಯಾಹ್ನ ಮೂರು ಹೊಡದ ಮ್ಯಾಲ!"

"ಮರುದಿನ ಹೊತ್ತ ಹುಟ್ಟೂತನಕ, ನಮ್ಮನಿದಾಗಲಿ, ಹೋಟೆಲಿಂದಾಗಲಿ."

"ಮರುದಿನ ಹೊತ್ತ ಹುಟ್ಟೂತನಕ, ನಮ್ಮನಿದಾಗಲಿ, ಹೋಟೆಲಿಂದಾಗಲಿ!"

"ಅಡಗಿಮನಿ ಹೊಸ್ತಿಲ ದಾಟೂದಿಲ್ಲ."

"ಅಡಗಿಮನಿ ಹೊಸ್ತಿಲ..." ಎಂದು ಗರ್ಜಿಸಿದ ಭೂಪಾಲ, ಅಲ್ಲಿಗೆ ನಿಂತ. ಬಸ್ತಿಯ ಕಂಬಗಳಲ್ಲಿ ಹೊಸ್ತಿಲು ಎಂಬ ಮಾತು ಸ್ವಲ್ಪ ಹೊತ್ತು ಸುತ್ತಾಡಿತು. ಎಲ್ಲರೂ ಉಳಿದ ಮಾತಿಗೆ ಕಾಯುತ್ತಿದ್ದರು. ಇನ್ನೊಬ್ಬರ ವ್ರತವನ್ನು ಅರ್ಧಕ್ಕೆ ನಿಲ್ಲಿಸಿದವನು ಎಂಬ ಹೆಸರು ಬರುವುದಕ್ಕಿಂತ ಸಾಯುವುದು ಲೇಸು. "ದಾಟೂದಿಲ್ಲ" ಎಂದ ಭೂಪಾಲ. ಅಷ್ಟು ಸಣ್ಣ ದನಿ ಆ ಮೈಕಿನಿಂದ ಹಿಂದೆಂದೂ ಬಂದಿರಲಿಲ್ಲ.

ಮಾತಾಜಿ ಮಂಗಲಬಾಯಿಯನ್ನು ನೋಡಿದರು. "ಅಡಗಿಮನಿನೇ ಯಾಕ, ತಾಯಿ?"

"ಮೋಹ ಭಾಳ ಬೆಳದೈತ್ರಿ, ಮಾತಾಜಿ. ಹೊತ್ತ ಇಳಿಯಾಕ ಹತ್ತಿದ್ರ ಕಾಲು ತಾವs ಒಲಿ ಕಡೆ ಹೊಕ್ಕಾವ."

ಮಾತಾಜಿಯ ತುಟಿಯ ಅಂಚಿನಲ್ಲಿ ಏನೋ ಬಂದು ಹೋಯಿತು, ನಗೆಯೇ ಇರಬೇಕು. "ಮೋಹ ಬಿಡೂದು ಒಳ್ಳೇದು" ಎಂದು ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಹೆಂಗಸರು ಕೈ ಮುಗಿದು ಎದ್ದು ನಿಂತಿದ್ದರು. ಭೂಪಾಲ ಲಗುಬಗೆಯಿಂದ ಮೈಕು ಬಂದ್ ಮಾಡಿದ.

ಮನೆಗೆ ಬಂದವನು ಪ್ರತಾಪನಿಗೆ ಫೋನು ಮಾಡಿ, ಧಾರ್ಮಿಕ ಕಾರಣದಿಂದ ರವಿವಾರದ ಊಟ ರದ್ದಾಗಿದೆ ಎಂದ. ಮಧ್ಯಾಹ್ನ ಸೊಸೆಗೆ ಫೋನು ಮಾಡಿದ. ಪ್ರಣಾಲಿ, "ಪಪ್ಪಾ, ಆಪ್ ಮೇಲೆ ನೋಡ್ರಿ ನಾ" ಎಂದು ಇಟ್ಟಳು. ಆಪಿನಲ್ಲಿ ನೋಡಿದ. ಜೈನ ಊಟ ಎಂಟರ ಮೇಲೆ ಎಂದು ಬರೆದಿತ್ತು. ಮೂರು ಹೊಡೆಯಿತು. ಮಂಗಲಬಾಯಿ ಅಡುಗೆಮನೆಯಿಂದ ಹೊರಗೆ ಬಂದು, ಕೈ ಒರೆಸಿಕೊಂಡು, ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತಳು.

ನಾಲ್ಕೂವರೆಯವರೆಗೆ ಭೂಪಾಲ ಪೇಪರು ಓದಿದ. ಆಮೇಲೆ ಅಡುಗೆಮನೆಯ ದೀಪ ಹತ್ತಿತು.

"ಮಂಗಲ, ಕಡ್ಲಿ ಹಿಟ್ಟ ಎಲ್ಲೈತಿ?"

"ಡಬ್ಬ್ಯಾಗ."

"ಯಾವ ಡಬ್ಬ್ಯಾಗ?"

"ಕಡ್ಲಿ ಹಿಟ್ಟಿನ ಡಬ್ಬ್ಯಾಗ."

"ಬಂದ ಒಂದೀಟ ತೋರಸಬಾರದಾ?"

"ವ್ರತ ಐತ್ರಿ" ಎಂದಳು ಮಂಗಲಬಾಯಿ. "ನೀವs ಸಾರೀರಲ್ಲ."

ಒಳಗೆ ಏನೋ ಬಿತ್ತು, ಏನೋ ಸೀದಿತು. ಜೋಳದ ಹಿಟ್ಟು ಬಡಿಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಒಮ್ಮೆ ಆಕೆಯ ಕಾಲು ನಿಜವಾಗಿಯೂ ಎದ್ದು ಹೊರಟಿತ್ತು, ಹಿಡಿದು ಕೂರಿಸಿದಳು. ಕೆಳಗೆ ಎಮ್ಮೆಗಳು ಮೇಲೆ ಬಂದು ಮೈ ಕೊಡವುತ್ತಿದ್ದವು. ಹೊಂಡದ ನೀರು ಹಳದಿಯಾಯಿತು, ಆಮೇಲೆ ಕೆಂಪಾಯಿತು. ವಾಸನೆ ಇತ್ತು, ಸೊಳ್ಳೆಗಳೂ ಇದ್ದವು. ಅಷ್ಟು ಚಂದದ ಸಂಜೆಯನ್ನು ಆಕೆ ನೋಡಿರಲಿಲ್ಲ.

ಸೂರ್ಯ ಮರಗಳ ತುದಿ ಮುಟ್ಟುವ ಹೊತ್ತಿಗೆ ಭೂಪಾಲ ತಾಟು ಹಿಡಿದು ಬಂದ. ಬನೀನಿನ ಮೇಲೆಲ್ಲ ಹಿಟ್ಟು, ಹೆಬ್ಬೆರಳಿಗೆ ಬೊಬ್ಬೆ. ತಾಟಿನಲ್ಲಿ ಒಂದು ರೊಟ್ಟಿ ಇತ್ತು, ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿದದ್ದು, ನಡುವೆ ಹರಿದದ್ದು. ಪಕ್ಕದಲ್ಲಿ ಗಂಟುಗಂಟಾದ ಝುಣಕ. ಸಣ್ಣ ಟೇಬಲ್ಲು ಎಳೆದು ಆಕೆಯ ಮುಂದಿಟ್ಟ, ನೀರಿನ ಚಂಬು ಇಟ್ಟ, ಪಕ್ಕದಲ್ಲಿ ನಿಂತ.

ಮಂಗಲಬಾಯಿ ರೊಟ್ಟಿ ಮುರಿದಳು. ಬೆರಳು ಸುಟ್ಟಿತು. ಅದು ಬಿಸಿಯಾಗಿತ್ತು. ಝುಣಕದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ಮೆಲ್ಲಗೆ, ಒಂದೊಂದೇ ತುತ್ತು ಅಗಿದು ಉಂಡಳು. ಕಿಟಕಿ ನೋಡಬೇಕಾದ ಗಡಿಬಿಡಿ ಇರಲಿಲ್ಲ, ಸೂರ್ಯ ಎದುರಿಗೇ ಕೂತಿದ್ದ.

"ಹೆಂಗಾಗೇತಿ?" ಎಂದ ಭೂಪಾಲ.

"ನಿಮ್ಮ ತಾಟ ಎಲ್ಲೈತಿ?"

"ಒಂದs ರೊಟ್ಟಿ ಆತು. ಉಳಿದಾವು ಹಂಚಿಗೆ ಹತಗೊಂಡ್ವು" ಎಂದ ಅವನು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬನೀನಿಗೆ ಒರೆಸಿಕೊಂಡ. ಕಣ್ಣು ತಾಟಿನ ಕಡೆಗೊಮ್ಮೆ, ಮರಗಳ ಕಡೆಗೊಮ್ಮೆ ಹೋಗುತ್ತಿತ್ತು. ಅರ್ಧ ಸೂರ್ಯ ಇಳಿದಿದ್ದ. ಅರ್ಧ ರೊಟ್ಟಿ ಉಳಿದಿತ್ತು. ಮಂಗಲಬಾಯಿಗೆ ಗಂಡನನ್ನು ನೋಡಿ ಪಾಪ ಎನ್ನಿಸಿತು, ನಿಜವಾಗಿಯೂ ಎನ್ನಿಸಿತು. ತಾಟು ಅವನ ಕಡೆ ಸರಿಸಲು ಕೈ ಹೋಯಿತು. ಆಮೇಲೆ ಆ ಕೈ ಹಿಂದಕ್ಕೆ ಬಂದು ಇನ್ನೊಂದು ತುತ್ತು ಮುರಿಯಿತು.

ಕೊನೆಯ ಚೂರಿನವರೆಗೆ ಉಂಡಳು. ಕೂತಲ್ಲೇ ಚಂಬಿನ ನೀರಿನಿಂದ ತಾಟಿನಲ್ಲೇ ಕೈ ತೊಳೆದಳು. ಮರಗಳ ಮೇಲೆ ಏನೂ ಉಳಿದಿರಲಿಲ್ಲ. ಎಂಜಲು ತಾಟನ್ನು ಎತ್ತಿ ಗಂಡನ ಕೈಗೆ ಕೊಟ್ಟು ಹೇಳಿದಳು:

"ನಾಳಿಂದ ಒಂದೀಟ ಲಗೂನ ಒಲಿ ಹಚ್ಚ್ರಿ. ಅಂದ್ರ ನಿಮಗೂ ಉಣ್ಣಾಕ ಹೊತ್ತ ಸಿಗತೈತಿ."